ರಕ್ತದ ದಾರಿ ತೋರಿದ ಹಕೀಮ ಇಬ್ನುನ್ನಫೀಸ್



ಮುಂದೆ ಓದುವ ಮುನ್ನ ಒಂದು ನಿಮಿಷ ನಿಮ್ಮ ಬಲಗೈಯ ಎರಡು ಬೆರಳುಗಳನ್ನು ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಇಟ್ಟು ನೋಡಿರಿ. ನಾಡಿ ಮಿಡಿಯುತ್ತಿದೆಯಲ್ಲವೇ? ಆರೋಗ್ಯವಂತ ವಯಸ್ಕರಲ್ಲಿ ಅದು ನಿಮಿಷಕ್ಕೆ ಸುಮಾರು 72 ಬಾರಿ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ಹೃದಯವು ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರಗೆ ತಳ್ಳುತ್ತದೆ. ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 5 ಲೀಟರ್ ಆಗುತ್ತದೆ. ತಾಯಿಯ ಗರ್ಭದಲ್ಲಿ ಶುರುವಾದ ಈ ಕೆಲಸ ನಾವು ನಿದ್ರಿಸುವಾಗಲೂ ನಿಲ್ಲುವುದಿಲ್ಲ. ಸುಬ್‌ಹಾನಲ್ಲಾಹ್!

ಹೃದಯದ ಬಲಭಾಗದಲ್ಲಿರುವ ರಕ್ತವು ಎಡಭಾಗಕ್ಕೆ ಯಾವ ದಾರಿಯಿಂದ ಬರುತ್ತದೆ ಎಂದು ಕೇಳಿದರೆ ಇಂದು ಹೈಸ್ಕೂಲಿನ ಮಕ್ಕಳೂ ಶ್ವಾಸಕೋಶದ ಮೂಲಕ ಎಂದು ಉತ್ತರಿಸುತ್ತಾರೆ. ಆದರೆ ಈ ಸಣ್ಣ ಪ್ರಶ್ನೆಗೆ ಜಗತ್ತಿನ ದೊಡ್ಡ ದೊಡ್ಡ ವೈದ್ಯರೆಲ್ಲ ಸಾವಿರ ವರ್ಷಗಳ ಕಾಲ ತಪ್ಪು ಉತ್ತರವನ್ನೇ ಹೇಳುತ್ತಾ ಬಂದಿದ್ದರು. ಅದನ್ನು ತಿದ್ದಿ ಸರಿಯಾದ ದಾರಿಯನ್ನು ಬರೆದಿಟ್ಟ ಮೊದಲಿಗರೆಂದು ಇತಿಹಾಸ ಇಂದು ಗುರುತಿಸಿರುವುದು ಅಲ್ಲಾಮ ಇಬ್ನುನ್ನಫೀಸ್ ಅವರನ್ನು. ಅವರ ಬದುಕನ್ನೂ, ಅವರ ಶೋಧಕ್ಕೆ ಒದಗಿದ ವಿಚಿತ್ರ ಗತಿಯನ್ನೂ ನಿಮ್ಮೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಅವರ ಪೂರ್ಣ ಹೆಸರು ಅಲಾಉದ್ದೀನ್ ಅಬುಲ್ ಹಸನ್ ಅಲೀ ಇಬ್ನ್ ಅಬಿಲ್ ಹಝ್ಮ್ ಅಲ್ ಕರ್ಶೀ. ಹಿಜರಿ 607ರ ಸುಮಾರಿಗೆ, ಅಂದರೆ ಕ್ರಿ.ಶ. 1210ರ ಆಸುಪಾಸಿನಲ್ಲಿ, ಸಿರಿಯಾದ ದಮಸ್ಕಸ್ ಪ್ರದೇಶದಲ್ಲಿ ಜನಿಸಿದರು. ಆಗ ದಮಸ್ಕಸ್ ಜ್ಞಾನದ ನಗರವಾಗಿತ್ತು. ಸುಲ್ತಾನ್ ನೂರುದ್ದೀನ್ ಝಂಗೀ ಅವರು 12ನೇ ಶತಮಾನದಲ್ಲಿ ಕಟ್ಟಿಸಿದ ನೂರೀ ಬೀಮಾರಿಸ್ತಾನ್ ಅಲ್ಲಿತ್ತು. ಬೀಮಾರಿಸ್ತಾನ್ ಎಂದರೆ ಆಸ್ಪತ್ರೆ. ಅದು ಕೇವಲ ರೋಗಿಗಳ ಮನೆಯಾಗಿರಲಿಲ್ಲ, ವೈದ್ಯ ವಿದ್ಯಾರ್ಥಿಗಳ ಪಾಠಶಾಲೆಯೂ ಆಗಿತ್ತು. ವಿದ್ಯಾರ್ಥಿಗಳು ಗುರುಗಳೊಂದಿಗೆ ರೋಗಿಗಳನ್ನು ನೋಡಿ, ಬಳಿಕ ಗ್ರಂಥಗಳನ್ನು ಓದುತ್ತಿದ್ದರು.

ಇಬ್ನುನ್ನಫೀಸ್ ವೈದ್ಯಶಾಸ್ತ್ರ ಕಲಿತದ್ದು ಈ ಪರಂಪರೆಯಲ್ಲಿ. ಅಂದಿನ ಪ್ರಖ್ಯಾತ ವೈದ್ಯ ಮುಹಝ್ಝಬುದ್ದೀನ್ ಅದ್ದಖ್ವಾರ್ ಅವರ ಗುರುಗಳು. ಈ ಗುರುಗಳು 1230ರಲ್ಲಿ ತೀರಿಕೊಂಡರು. ಅವರು ತಮ್ಮ ಸ್ವಂತ ಮನೆಯನ್ನೇ ವೈದ್ಯಕೀಯ ಮದ್ರಸಕ್ಕಾಗಿ ವಕ್ಫ್ ಮಾಡಿದ್ದರು. ಈ ಮಾತನ್ನು ನೆನಪಿನಲ್ಲಿಡಿ. ಶಿಷ್ಯನ ಬದುಕಿನ ಕೊನೆಯಲ್ಲಿ ಇದು ಮತ್ತೆ ಬರಲಿದೆ.

ಕೈರೋದಲ್ಲಿ

ಮುಂದೆ ಇಬ್ನುನ್ನಫೀಸ್ ಈಜಿಪ್ಟಿನ ಕೈರೋ ನಗರಕ್ಕೆ ಹೋಗಿ ನೆಲೆಸಿದರು. ಆಸ್ಪತ್ರೆಯಲ್ಲಿ ಚಿಕಿತ್ಸೆ ಮಾಡುತ್ತಾ, ಪಾಠ ಹೇಳುತ್ತಾ ಹೆಸರು ಗಳಿಸಿ ಈಜಿಪ್ಟಿನ ವೈದ್ಯರ ಮುಖ್ಯಸ್ಥರ ಸ್ಥಾನಕ್ಕೇರಿದರು. 1260ರಿಂದ 1277ರವರೆಗೆ ಆಳಿದ ಸುಲ್ತಾನ್ ಬೈಬರ್ಸ್ ಅವರ ವೈದ್ಯರೂ ಆಗಿದ್ದರು. ಅದು ಸುಖದ ಕಾಲವಾಗಿರಲಿಲ್ಲ. 1258ರಲ್ಲಿ ಮಂಗೋಲರು ಬಗ್ದಾದನ್ನು ನಾಶಮಾಡಿದ್ದರು. ಅಲ್ಲಿನ ಗ್ರಂಥಾಲಯಗಳು ಹಾಳಾಗಿದ್ದವು. ಜ್ಞಾನದ ದೀಪವನ್ನು ಆರದಂತೆ ಕಾಯುವ ಹೊಣೆ ಕೈರೋ ಮತ್ತು ದಮಸ್ಕಸ್ ನಗರಗಳ ವಿದ್ವಾಂಸರ ಮೇಲಿತ್ತು.

ಇಬ್ನುನ್ನಫೀಸ್ ಅವರು ವೈದ್ಯರಷ್ಟೇ ಅಲ್ಲ, ಶಾಫಿಈ ಫಿಕ್‌ಹ್‌ನ ವಿದ್ವಾಂಸರೂ ಹೌದು. ಕೈರೋದ ಮಸ್ರೂರಿಯಾ ಮದ್ರಸದಲ್ಲಿ ಫಿಕ್‌ಹ್ ಪಾಠ ಮಾಡುತ್ತಿದ್ದರು. ಹದೀಸ್ ವಿಜ್ಞಾನದ ತತ್ವಗಳ ಬಗ್ಗೆಯೂ ಬರೆದರು. ಹದೀಸ್ ವಿಜ್ಞಾನದಲ್ಲಿ ಒಂದು ಮಾತನ್ನು ಸ್ವೀಕರಿಸುವ ಮುನ್ನ ಅದನ್ನು ಯಾರು ಹೇಳಿದರು, ಯಾರಿಂದ ಕೇಳಿದರು, ಅವರು ನಂಬಲರ್ಹರೇ ಎಂದು ಕೊಂಡಿ ಕೊಂಡಿಯಾಗಿ ಪರಿಶೀಲಿಸುತ್ತಾರೆ. ವೈದ್ಯಶಾಸ್ತ್ರದಲ್ಲಿಯೂ ಅವರು ದೊಡ್ಡವರ ಮಾತನ್ನು ಪರೀಕ್ಷಿಸದೆ ಒಪ್ಪದಿರುವುದಕ್ಕೆ ಈ ಅಭ್ಯಾಸವೂ ಕಾರಣವಾಗಿರಬಹುದೆಂದು ನನಗನಿಸುತ್ತದೆ.

ಅವರು ಬರೆಯುವ ರೀತಿಯ ಬಗ್ಗೆ ಜೀವನಚರಿತ್ರೆಕಾರರು ಸ್ವಾರಸ್ಯದ ಸಂಗತಿಗಳನ್ನು ದಾಖಲಿಸಿದ್ದಾರೆ. ಬರೆಯಲು ಕುಳಿತಾಗ ಚೂಪು ಮಾಡಿದ ಹಲವು ಲೇಖನಿಗಳನ್ನು ಅವರ ಮುಂದೆ ಇಡಲಾಗುತ್ತಿತ್ತಂತೆ. ಗೋಡೆಗೆ ಮುಖ ಮಾಡಿ, ಯಾವ ಪುಸ್ತಕವನ್ನೂ ತೆರೆಯದೆ, ನೆನಪಿನಿಂದಲೇ ಪ್ರವಾಹದಂತೆ ಬರೆಯುತ್ತಿದ್ದರಂತೆ. ಒಂದು ಲೇಖನಿ ಮೊಂಡಾದರೆ ಅದನ್ನು ಚೂಪು ಮಾಡುತ್ತಾ ಸಮಯ ಕಳೆಯದೆ ಎಸೆದು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರಂತೆ. ಒಮ್ಮೆ ಸ್ನಾನಗೃಹದಲ್ಲಿ ಸ್ನಾನ ಮಾಡುತ್ತಿದ್ದವರು ಅರ್ಧಕ್ಕೇ ಎದ್ದು ಹೊರಬಂದು, ಕಾಗದ ಲೇಖನಿ ತರಿಸಿ, ನಾಡಿಯ ಬಗ್ಗೆ ಒಂದು ಪ್ರಬಂಧವನ್ನು ಬರೆದು ಮುಗಿಸಿ, ಮತ್ತೆ ಒಳಗೆ ಹೋಗಿ ಸ್ನಾನ ಪೂರೈಸಿದರಂತೆ. ಲೇಖನದ ಆರಂಭದಲ್ಲಿ ನೀವು ಮುಟ್ಟಿ ನೋಡಿದ ಅದೇ ನಾಡಿ!

ಅಶ್ಶಾಮಿಲ್ ಎಂಬ ವೈದ್ಯಕೀಯ ವಿಶ್ವಕೋಶವನ್ನು 300 ಸಂಪುಟಗಳಲ್ಲಿ ಬರೆಯುವುದು ಅವರ ಯೋಜನೆಯಾಗಿತ್ತು. ಅದರಲ್ಲಿ 80 ಸಂಪುಟಗಳು ಸಿದ್ಧವಾದವು. ಕಣ್ಣಿನ ರೋಗಗಳ ಬಗ್ಗೆ, ಆಹಾರದ ಬಗ್ಗೆ ಪ್ರತ್ಯೇಕವಾಗಿ ಬರೆದರು. ಆಹಾರದಿಂದ ಗುಣವಾಗುವ ರೋಗಕ್ಕೆ ಔಷಧಿ ಕೊಡುತ್ತಿರಲಿಲ್ಲ, ಸರಳ ಔಷಧಿ ಸಾಕಾಗುವಲ್ಲಿ ಮಿಶ್ರ ಔಷಧಿ ಕೊಡುತ್ತಿರಲಿಲ್ಲ ಎಂಬುದು ಅವರ ಚಿಕಿತ್ಸೆಯ ಖ್ಯಾತಿ.

ಆ ಒಂದು ಗೋಡೆ

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಹಿರಿಯರು ಜಾಲೀನೂಸ್ ಎಂದು ಕರೆಯುತ್ತಿದ್ದ ಗ್ರೀಕ್ ವೈದ್ಯ ಗ್ಯಾಲನ್ 2ನೇ ಶತಮಾನದವನು. ಅವನ ಪ್ರಕಾರ ಆಹಾರದಿಂದ ಯಕೃತ್ತಿನಲ್ಲಿ ರಕ್ತ ತಯಾರಾಗಿ ಹೃದಯದ ಬಲಭಾಗಕ್ಕೆ ಬರುತ್ತದೆ. ಹೃದಯದ ಬಲ ಮತ್ತು ಎಡ ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿವೆ. ಅವುಗಳ ಮೂಲಕ ರಕ್ತವು ಎಡಭಾಗಕ್ಕೆ ಜಿನುಗುತ್ತದೆ. ಮಹಾನ್ ವೈದ್ಯ ಇಬ್ನ್ ಸೀನಾ ಕೂಡ ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ ಈ ವಿಚಾರದಲ್ಲಿ ಹಳೆಯ ದಾರಿಯಲ್ಲೇ ನಡೆದರು. ಇಬ್ನ್ ಸೀನಾ ಅವರ ಮಾತೆಂದರೆ ಅಂದು ವೈದ್ಯರಿಗೆ ಅಂತಿಮ ತೀರ್ಪು ಇದ್ದ ಹಾಗೆ.

ಇಬ್ನುನ್ನಫೀಸ್ ಅವರು ಅಲ್ ಕಾನೂನ್‌ನಲ್ಲಿರುವ ಅಂಗರಚನೆಯ ಭಾಗಕ್ಕೆ ಒಂದು ವ್ಯಾಖ್ಯಾನ ಬರೆದರು. ಅದರ ಹೆಸರು ಶರ್ಹ್ ತಶ್ರೀಹ್ ಅಲ್ ಕಾನೂನ್. 1242ರ ವೇಳೆಗೆ ಅದು ಸಿದ್ಧವಾಗಿತ್ತು. ಆಗ ಅವರಿಗೆ ಇನ್ನೂ ಮೂವತ್ತರ ಆಸುಪಾಸು. ಗ್ರಂಥದ ಆರಂಭದಲ್ಲಿಯೇ ತಮ್ಮ ನಿಲುವನ್ನು ಸ್ಪಷ್ಟಪಡಿಸಿದರು. ಶರೀಅತ್‌ನ ನಿರ್ಬಂಧ ಮತ್ತು ಸಹಜವಾದ ದಯೆಯಿಂದಾಗಿ ತಾವು ಅಂಗಚ್ಛೇದನದಲ್ಲಿ ತೊಡಗಲಿಲ್ಲವೆಂದೂ, ಅಂಗಗಳ ಆಕಾರದ ವಿಷಯದಲ್ಲಿ ಹಿಂದಿನವರನ್ನೇ ಅವಲಂಬಿಸುವುದಾಗಿಯೂ ಬರೆದರು. ಆದರೆ ಅಂಗಗಳ ಕೆಲಸದ ವಿಷಯದಲ್ಲಿ ತಮ್ಮ ವಿಚಾರಕ್ಕೆ ತೋರಿದ್ದನ್ನೇ ಬರೆಯುವುದಾಗಿಯೂ, ಅದು ಹಿಂದಿನವರ ಮಾತಿಗೆ ಹೊಂದಲಿ ಬಿಡಲಿ ಅದಕ್ಕೆ ಗಮನ ಕೊಡುವುದಿಲ್ಲವೆಂದೂ ತಿಳಿಸಿದರು. ಅವರು ನಿಜಕ್ಕೂ ಅಂಗಚ್ಛೇದನ ಮಾಡಿ ನೋಡಿದ್ದರೇ ಇಲ್ಲವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯಿದೆ.

ಅವರು ಬರೆದ ವಿಚಾರ ಹೀಗಿದೆ. ಹೃದಯದ ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆ ದಪ್ಪವಾಗಿದೆ, ಗಟ್ಟಿಯಾಗಿದೆ. ಅದರಲ್ಲಿ ಕಣ್ಣಿಗೆ ಕಾಣುವ ರಂಧ್ರವೂ ಇಲ್ಲ, ಗ್ಯಾಲನ್ ಊಹಿಸಿದ ಕಾಣದ ರಂಧ್ರವೂ ಇಲ್ಲ. ಆದ್ದರಿಂದ ಬಲ ಹೃತ್ಕುಕ್ಷಿಯ ರಕ್ತವು ಶ್ವಾಸಕೋಶಕ್ಕೆ ಹೋಗಲೇಬೇಕು. ಅಲ್ಲಿ ಹರಡಿಕೊಂಡು, ಗಾಳಿಯೊಂದಿಗೆ ಬೆರೆತು, ಮತ್ತೊಂದು ನಾಳದ ಮೂಲಕ ಎಡ ಹೃತ್ಕುಕ್ಷಿಗೆ ಬರಬೇಕು. ಶ್ವಾಸಕೋಶದಲ್ಲಿ ಈ ಎರಡು ನಾಳಗಳ ನಡುವೆ ಸೂಕ್ಷ್ಮ ಸಂಪರ್ಕ ಮಾರ್ಗಗಳು ಇರಬೇಕೆಂದೂ ಅವರು ಸೂಚಿಸಿದರು. ಇಂದು ನಾವು ಲೋಮನಾಳಗಳೆಂದು ಕರೆಯುವ ಆ ಮಾರ್ಗಗಳನ್ನು ಇಟಲಿಯ ಮಾಲ್ಪಿಘಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1661ರಲ್ಲಿ. ಹೃದಯದಲ್ಲಿ ಮೂರು ಹೃತ್ಕುಕ್ಷಿಗಳಿವೆ ಎಂಬ ಇಬ್ನ್ ಸೀನಾ ಅವರ ಮಾತನ್ನೂ ಇಬ್ನುನ್ನಫೀಸ್ ಒಪ್ಪದೆ ಎರಡೇ ಇವೆ ಎಂದರು. ಹೃದಯದ ಮಾಂಸಕ್ಕೆ ಪೋಷಣೆ ಸಿಗುವುದು ಅದರ ಮೈಯಲ್ಲಿ ಹಬ್ಬಿರುವ ನಾಳಗಳಿಂದ ಎಂದೂ ಬರೆದರು. ಇಂದು ಹೃದಯಾಘಾತವಾದಾಗ ವೈದ್ಯರು ಪರೀಕ್ಷಿಸುವುದು ಇದೇ ನಾಳಗಳನ್ನು.

ಗೋಡೆಯ ಮಹತ್ವ

ವಿದ್ಯಾರ್ಥಿ ಮಿತ್ರರೇ, ಒಂದು ಗೋಡೆಯಲ್ಲಿ ರಂಧ್ರ ಇದ್ದರೇನು, ಇಲ್ಲದಿದ್ದರೇನು ಎಂದು ನೀವು ಕೇಳಬಹುದು. ಇಂದಿನ ವಿಜ್ಞಾನದ ಬೆಳಕಿನಲ್ಲಿ ನೋಡಿರಿ. ಹೃದಯವೆಂಬುದು ಒಂದೇ ಅಂಗದಲ್ಲಿ ಸೇರಿಸಿದ ಎರಡು ಪಂಪುಗಳು. ಬಲ ಪಂಪು ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸುತ್ತದೆ. ಹತ್ತಿರದ ದಾರಿ, ಕಡಿಮೆ ಒತ್ತಡ ಸಾಕು. ಅಲ್ಲಿ ಗರಿಷ್ಠ ಒತ್ತಡ ಪಾದರಸದ ಅಳತೆಯಲ್ಲಿ ಸುಮಾರು 25 ಮಿಲಿಮೀಟರ್. ಎಡ ಪಂಪು ನೆತ್ತಿಯಿಂದ ಅಂಗಾಲಿನವರೆಗೆ ರಕ್ತ ಕಳಿಸಬೇಕು. ಅಲ್ಲಿ ಒತ್ತಡ ಸುಮಾರು 120. ಆದ್ದರಿಂದಲೇ ಎಡಭಾಗದ ಸ್ನಾಯು ದಪ್ಪ, ಬಲಭಾಗದ್ದು ತೆಳು. ಇವೆರಡನ್ನೂ ಬೇರ್ಪಡಿಸಿರುವುದೇ ಇಬ್ನುನ್ನಫೀಸ್ ಹೇಳಿದ ಆ ಗಟ್ಟಿ ಗೋಡೆ.

ಕೆಲವು ಮಕ್ಕಳು ಹುಟ್ಟುವಾಗಲೇ ಈ ಗೋಡೆಯಲ್ಲಿ ರಂಧ್ರವನ್ನು ಹೊಂದಿರುತ್ತಾರೆ. ಆಗ ರಕ್ತವು ಸಾಮಾನ್ಯವಾಗಿ ಹೆಚ್ಚು ಒತ್ತಡವಿರುವ ಎಡದಿಂದ ಕಡಿಮೆ ಒತ್ತಡವಿರುವ ಬಲಕ್ಕೆ ನುಗ್ಗುತ್ತದೆ. ಅಂದರೆ ಗ್ಯಾಲನ್ ಹೇಳಿದ್ದಕ್ಕೆ ವಿರುದ್ಧ ದಿಕ್ಕಿನಲ್ಲಿ! ರಂಧ್ರ ದೊಡ್ಡದಾಗಿದ್ದರೆ ಶ್ವಾಸಕೋಶಕ್ಕೆ ರಕ್ತದ ಹೊರೆ ಹೆಚ್ಚಾಗಿ ಮಗು ಏದುಸಿರು ಬಿಡುತ್ತದೆ, ತೂಕ ಹೆಚ್ಚುವುದಿಲ್ಲ, ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಒಂದು ಗೋಡೆಯ ಬೆಲೆ ಆ ಮಗುವಿನ ತಂದೆತಾಯಿಗೆ ಗೊತ್ತು.

ರಕ್ತದ ಒತ್ತಡದ ನಿಯಂತ್ರಣವೂ ನಮ್ಮ ದೇಹದಲ್ಲಿ ಸದಾ ನಡೆಯುತ್ತಿರುತ್ತದೆ. ಇದಕ್ಕೆ ದಿನಕ್ಕೆ ಐದು ಬಾರಿ ನೀವೇ ಸಾಕ್ಷಿ. ಸಜ್ದಾದಿಂದ ಎದ್ದು ಕಿಯಾಮ್‌ಗೆ ನಿಲ್ಲುವಾಗ ರಕ್ತವು ಭೂಮಿಯ ಸೆಳೆತಕ್ಕೆ ಕಾಲುಗಳ ಕಡೆಗೆ ಇಳಿಯುತ್ತದೆ. ತಲೆಗೆ ಹೋಗುವ ರಕ್ತ ಕಡಿಮೆಯಾಗಿ ತಲೆ ತಿರುಗಬೇಕಿತ್ತು. ಆದರೆ ನಮ್ಮ ಕತ್ತಿನ ದೊಡ್ಡ ಅಪಧಮನಿಗಳಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಪಧಮನಿಯ ಬಾಗಿನಲ್ಲಿ ಒತ್ತಡವನ್ನು ಅಳೆಯುವ ನರಗಳ ತುದಿಗಳಿವೆ. ಒತ್ತಡ ಇಳಿದ ಸುದ್ದಿಯನ್ನು ಅವು ಕೂಡಲೇ ಮೆದುಳಿಗೆ ಮುಟ್ಟಿಸುತ್ತವೆ. ಮೆದುಳಿನ ಆಜ್ಞೆಯಂತೆ ಹೃದಯದ ಬಡಿತ ಹೆಚ್ಚುತ್ತದೆ, ಸಣ್ಣ ಅಪಧಮನಿಗಳು ಬಿಗಿಯಾಗುತ್ತವೆ, ಕೆಲವೇ ಸೆಕೆಂಡುಗಳಲ್ಲಿ ಒತ್ತಡ ಮೊದಲಿನಂತಾಗುತ್ತದೆ. ನಿಮಗೆ ಅರಿವೇ ಆಗದು. ವಯಸ್ಸಾದವರಲ್ಲಿ ಈ ವ್ಯವಸ್ಥೆ ನಿಧಾನವಾಗುವುದರಿಂದ ಅವರು ನಿಧಾನವಾಗಿ ಏಳಬೇಕು. ಓಡುವಾಗ, ಭಾರ ಹೊರುವಾಗ ಹೃದಯ ನಿಮಿಷಕ್ಕೆ 5 ಲೀಟರ್ ಬದಲು 20 ಲೀಟರ್‌ವರೆಗೂ ರಕ್ತ ಕಳಿಸಬಲ್ಲದು. ದುಡಿಯುವ ಸ್ನಾಯುವಿನ ನಾಳಗಳು ಅಗಲವಾಗುತ್ತವೆ, ಆ ಹೊತ್ತಿಗೆ ಹೆಚ್ಚು ಕೆಲಸವಿಲ್ಲದ ಹೊಟ್ಟೆಯ ಭಾಗದ ನಾಳಗಳು ಕಿರಿದಾಗುತ್ತವೆ. ದಿನಗಳ ಲೆಕ್ಕದಲ್ಲಿ ಮೂತ್ರಪಿಂಡಗಳು ಉಪ್ಪು ಮತ್ತು ನೀರಿನ ಪ್ರಮಾಣವನ್ನು ಸರಿದೂಗಿಸಿ ಒತ್ತಡವನ್ನು ಕಾಯುತ್ತವೆ. ಅದಕ್ಕಾಗಿಯೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಔಷಧಿಗಿಂತ ಮೊದಲು ಊಟವನ್ನು ತಿದ್ದುತ್ತಿದ್ದ ಆ ಹಕೀಮರ ರೀತಿ ಇಲ್ಲಿ ನೆನಪಾಗುತ್ತದೆ.

ಮಲಗಿದ್ದ ಶೋಧ

ಇಷ್ಟು ದೊಡ್ಡ ಮಾತನ್ನು ಬರೆದಿಟ್ಟ ಮೇಲೆ ಏನಾಯಿತು? ಹೆಚ್ಚಿನವರು ಅದನ್ನು ಗಮನಿಸಲೇ ಇಲ್ಲ. ಇಬ್ನುನ್ನಫೀಸ್ ಅವರ ಪುಸ್ತಕಗಳಲ್ಲಿ ಅತ್ಯಂತ ಜನಪ್ರಿಯವಾದದ್ದು ಮೂಜಝ್ ಅಲ್ ಕಾನೂನ್. ಅಂದರೆ ಅಲ್ ಕಾನೂನ್‌ನ ಸಂಕ್ಷಿಪ್ತ ರೂಪ. ಚಿಕ್ಕದು, ಕೈಯಲ್ಲಿ ಹಿಡಿಯಲು ಸುಲಭ, ಕಲಿಯಲು ಅನುಕೂಲ. ಅದಕ್ಕೆ ವ್ಯಾಖ್ಯಾನಗಳು ಹುಟ್ಟಿದವು. ಅದು ಭಾರತಕ್ಕೂ ಬಂದು ಯುನಾನಿ ಹಕೀಮರ ಪಠ್ಯವಾಯಿತು. 1828ರಲ್ಲಿ ಕಲ್ಕತ್ತದಲ್ಲಿ ಮುದ್ರಣವಾಯಿತು. ಅದರ ಮೇಲೆ 15ನೇ ಶತಮಾನದಲ್ಲಿ ಕಿರ್ಮಾನೀ ಬರೆದ ವ್ಯಾಖ್ಯಾನವು ನಫೀಸೀ ಎಂಬ ಹೆಸರಿನಲ್ಲಿ ಯುನಾನಿ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಇರುವುದು ನಮ್ಮ ಬೆಂಗಳೂರಿನಲ್ಲೇ. ಹೀಗಾಗಿ ಈ ಹೆಸರು ನಮ್ಮ ನಾಡಿಗೆ ಹೊಸದಲ್ಲ.

ಆದರೆ ಆ ಸಂಕ್ಷಿಪ್ತ ಪುಸ್ತಕದಲ್ಲಿ ಅಂಗರಚನೆಯ ಭಾಗವೇ ಇರಲಿಲ್ಲ! ರಕ್ತದ ದಾರಿಯ ಶೋಧ ಇದ್ದದ್ದು ದೊಡ್ಡ ವ್ಯಾಖ್ಯಾನದಲ್ಲಿ. ಸಂಕ್ಷೇಪವನ್ನು ಸಾವಿರಾರು ಜನ ಓದಿದರು, ದೊಡ್ಡ ಗ್ರಂಥ ಕಪಾಟಿನಲ್ಲಿ ಉಳಿಯಿತು. ಯುರೋಪಿನಲ್ಲಿ 1553ರಲ್ಲಿ ಮೈಕೆಲ್ ಸರ್ವೀಟಸ್, 1559ರಲ್ಲಿ ರಿಯಾಲ್ಡೊ ಕೊಲಂಬೊ ಇದೇ ಮಾತನ್ನು ಬರೆದರು. ಇಬ್ನುನ್ನಫೀಸ್ ಅವರ ಕೆಲವು ಬರಹಗಳ ಲ್ಯಾಟಿನ್ ಅನುವಾದ 1547ರಲ್ಲಿ ವೆನಿಸ್‌ನಲ್ಲಿ ಪ್ರಕಟವಾಗಿತ್ತು. ಆದರೆ ಅವರ ವಿಚಾರ ಇವರಿಗೆ ತಲುಪಿತ್ತೆಂಬುದು ಸಿದ್ಧವಾಗಿಲ್ಲ. ಕೊನೆಗೆ 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಇಡೀ ದೇಹದ ರಕ್ತ ಪರಿಚಲನೆಯನ್ನು ಪ್ರಯೋಗ ಮತ್ತು ಲೆಕ್ಕಾಚಾರದಿಂದ ಸಾಧಿಸಿ ತೋರಿಸಿದರು.

1924ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಈಜಿಪ್ಟಿನ ಯುವ ವೈದ್ಯ ಮುಹ್ಯಿದ್ದೀನ್ ಅತ್ತತಾವೀ ಬರ್ಲಿನ್ನಿನ ಗ್ರಂಥಾಲಯದಲ್ಲಿದ್ದ ಆ ಹಸ್ತಪ್ರತಿಯನ್ನು ಓದಿದರು. ಹೃದಯದ ಗೋಡೆಯ ಬಗ್ಗೆ ಬರೆದ ಸಾಲುಗಳು ಕಣ್ಣಿಗೆ ಬಿದ್ದವು. ಅದನ್ನೇ ತಮ್ಮ ಪ್ರಬಂಧದ ವಿಷಯವಾಗಿಸಿದರು. ಕೈರೋದಲ್ಲಿ ನೆಲೆಸಿದ್ದ ಜರ್ಮನ್ ಕಣ್ಣಿನ ವೈದ್ಯ ಮ್ಯಾಕ್ಸ್ ಮೇಯರ್‌ಹೋಫ್ 1930ರ ದಶಕದಲ್ಲಿ ಅದನ್ನು ಪರಿಶೀಲಿಸಿ ಜಗತ್ತಿಗೆ ತಿಳಿಸಿದರು. ಸುಮಾರು 680 ವರ್ಷಗಳ ಬಳಿಕ ಒಬ್ಬ ವಿದ್ಯಾರ್ಥಿ ಪುಸ್ತಕ ತೆರೆದದ್ದರಿಂದ ಇಬ್ನುನ್ನಫೀಸ್ ಅವರಿಗೆ ನ್ಯಾಯ ಸಿಕ್ಕಿತು.

ಕೊನೆಯ ದಿನಗಳು

ಅವರ ಮರಣವೂ ಬದುಕಿನಂತೆಯೇ ಇತ್ತು. ಹಿಜರಿ 687ರ ದುಲ್‌ಕಅದ್ ತಿಂಗಳಲ್ಲಿ, ಕ್ರಿ.ಶ. 1288ರ ಡಿಸೆಂಬರ್‌ನಲ್ಲಿ, ಕಾಯಿಲೆ ಬಿದ್ದರು. ಚಿಕಿತ್ಸೆಗೆ ಬಂದ ವೈದ್ಯ ಮಿತ್ರರು ಔಷಧಿಯಾಗಿ ಸ್ವಲ್ಪ ಮದ್ಯ ಸೇವಿಸಲು ಸೂಚಿಸಿದರು. ಹೊಟ್ಟೆಯಲ್ಲಿ ಮದ್ಯವನ್ನಿಟ್ಟುಕೊಂಡು ಅಲ್ಲಾಹನ ಸನ್ನಿಧಿಗೆ ಹೋಗಲಾರೆನೆಂದು ಅವರು ನಿರಾಕರಿಸಿದರು. ಕೆಲವೇ ದಿನಗಳಲ್ಲಿ ಕೊನೆಯುಸಿರೆಳೆದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಸುಲ್ತಾನ್ ಕಲಾವೂನ್ ಕಟ್ಟಿಸಿ 1284ರಲ್ಲಿ ಪೂರ್ಣಗೊಂಡಿದ್ದ ಮನ್ಸೂರೀ ಆಸ್ಪತ್ರೆಗೆ ತಮ್ಮ ಮನೆಯನ್ನೂ ಇಡೀ ಗ್ರಂಥಭಂಡಾರವನ್ನೂ ಬಿಟ್ಟುಕೊಟ್ಟಿದ್ದರು. ಗುರುಗಳು ಮನೆಯನ್ನು ಮದ್ರಸಕ್ಕೆ ಕೊಟ್ಟರು, ಶಿಷ್ಯ ಮನೆ ಪುಸ್ತಕಗಳನ್ನು ಆಸ್ಪತ್ರೆಗೆ ಕೊಟ್ಟರು. ಇದು ಸದಕಾ ಜಾರಿಯಾ ಅಲ್ಲವೇ?

ನಮಗಿರುವ ಪಾಠ

ಒಂದು ಎಚ್ಚರಿಕೆಯ ಮಾತು. ನಮ್ಮ ಸಭೆಗಳಲ್ಲಿ ಕೆಲವು ಭಾಷಣಕಾರರು ರಕ್ತ ಪರಿಚಲನೆಯನ್ನು ಪೂರ್ತಿಯಾಗಿ ಕಂಡುಹಿಡಿದವರು ಇಬ್ನುನ್ನಫೀಸ್ ಎಂದೂ, ಹಾರ್ವೆ ಅದನ್ನು ಕದ್ದರೆಂದೂ ಹೇಳಿಬಿಡುತ್ತಾರೆ. ಅದು ಸರಿಯಲ್ಲ. ಇಬ್ನುನ್ನಫೀಸ್ ತಿಳಿಸಿದ್ದು ಹೃದಯದಿಂದ ಶ್ವಾಸಕೋಶಕ್ಕೆ ಹೋಗಿ ಮರಳುವ ದಾರಿಯನ್ನು. ದೇಹಕ್ಕೆಲ್ಲ ಹೋದ ರಕ್ತ ಮತ್ತೆ ಹೃದಯಕ್ಕೆ ತಿರುಗಿ ಬರುತ್ತದೆಂಬುದನ್ನು ಅವರು ಹೇಳಿಲ್ಲ. ಕೆಲವು ವಿಷಯಗಳಲ್ಲಿ ಹಳೆಯ ಕಲ್ಪನೆಗಳನ್ನೇ ಇಟ್ಟುಕೊಂಡಿದ್ದರು. ಗುರುವಿನ ತಪ್ಪನ್ನೂ ಮುಚ್ಚದ ಆ ಮಹನೀಯರ ಬಗ್ಗೆ ನಾವು ಇಲ್ಲದ್ದನ್ನು ಹೇಳಿದರೆ ಅವರಿಗೆ ಗೌರವ ತೋರಿದಂತಾಗುವುದಿಲ್ಲ. ಅವರು ಮಾಡಿದ್ದೇ ಸಾಕಷ್ಟು ದೊಡ್ಡದು.

ಇನ್ನೊಂದು ಮಾತು ವಿದ್ಯಾರ್ಥಿಗಳಿಗೆ. ಪರೀಕ್ಷೆ ಹತ್ತಿರ ಬಂದಾಗ ನೀವು ಪಠ್ಯಪುಸ್ತಕ ಬದಿಗಿಟ್ಟು ಗೈಡ್ ಹಿಡಿಯುವುದನ್ನು ಶಿಕ್ಷಕನಾಗಿ ಪ್ರತಿವರ್ಷ ನೋಡುತ್ತೇನೆ. ಅಂಕ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಇಬ್ನುನ್ನಫೀಸ್ ಅವರ ಗೈಡನ್ನು ಓದಿದವರಿಗೆ ಅವರ ಅತಿದೊಡ್ಡ ಮಾತು ಸಿಗಲಿಲ್ಲ ಎಂಬುದನ್ನು ಮರೆಯಬೇಡಿ. ಸಂಕ್ಷೇಪದಲ್ಲಿ ಬಿಟ್ಟುಹೋದ ಪುಟದಲ್ಲೇ ಕೆಲವೊಮ್ಮೆ ರತ್ನ ಇರುತ್ತದೆ. ಗುರುಗಳನ್ನು ಗೌರವಿಸಿರಿ, ಅವರ ಪುಸ್ತಕವನ್ನು ಪೂರ್ತಿ ಓದಿರಿ, ಅರ್ಥವಾಗದಿದ್ದರೆ ಕೇಳಿರಿ, ಒಪ್ಪಿಗೆಯಾಗದಿದ್ದರೆ ಅದಬಿನಿಂದ, ಆಧಾರದೊಂದಿಗೆ ಹೇಳಿರಿ.

ಅಸೋಸಿಯೇಷನ್‌ನ ಹಿರಿಯ ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಕಪಾಟಿನಲ್ಲಿ ಅಜ್ಜ ಮುತ್ತಜ್ಜಂದಿರ ಉರ್ದು, ಫಾರ್ಸಿ, ಅರಬಿ, ಕನ್ನಡ ಪುಸ್ತಕಗಳಿದ್ದರೆ ಗೆದ್ದಲಿಗೆ ಬಿಡಬೇಡಿ. ಓದಬಲ್ಲ ಒಬ್ಬ ವಿದ್ಯಾರ್ಥಿಯ ಕೈಗೆ ಕೊಡಿ. ಯಾರ ಕೈಯಲ್ಲಿ ಯಾವ ಪುಟ ತೆರೆದುಕೊಳ್ಳುವುದೋ ಬಲ್ಲವರಾರು?

ಅಲ್ಲಾಹನು ಅಲ್ಲಾಮ ಇಬ್ನುನ್ನಫೀಸ್ ಅವರ ಮೇಲೆ ಕರುಣೆ ತೋರಲಿ. ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ, ಸತ್ಯವನ್ನು ಇದ್ದಷ್ಟೇ ಹೇಳುವ ಧೈರ್ಯವನ್ನೂ ದಯಪಾಲಿಸಲಿ. ಆಮೀನ್.